25 ಕಿಲೋಮೀಟರ್ ಒಳಗಿನ ಗೆಳೆಯರು

ಮೈಸೂರಿನಿಂದ ಹುಬ್ಬಳ್ಳಿಗೆ ವರ್ಗವಾಗಿ ಬಂದ ಮೊದಲ ತಿಂಗಳು ನಾನು ಜಾಸ್ತಿ ಮಾತಾಡಿದ್ದು ಕುಕ್ಕರ್ ಜೊತೆ. ಅದು ಕೂಗಿದಾಗಲೆಲ್ಲ 'ಆಯ್ತಪ್ಪಾ, ಬಂದೆ' ಅನ್ನುತ್ತಿದ್ದೆ. ಮಗಳ ಪರೀಕ್ಷೆ ಮುಗಿಯುವ ತನಕ ಮನೆಯವರೆಲ್ಲ ಅಲ್ಲೇ, ನಾನೊಬ್ಬ ಇಲ್ಲಿ. ವಿಡಿಯೋ ಕಾಲ್‌ನಲ್ಲಿ ಕುಕ್ಕರ್ ವಿಷಯ ಬಾಯಿ ತಪ್ಪಿ ಹೇಳಿಬಿಟ್ಟೆ. ಮಗಳು ಕೂಡಲೇ ಒಂದು ಆ್ಯಪ್ ಹಾಕಿಸಿದಳು. ಹೊಸ ಊರಿಗೆ ಹೋದವರಿಗೆ ಸಮಾನ ಮನಸ್ಕರನ್ನು ಹುಡುಕಿಕೊಡುತ್ತದಂತೆ.

"ಅಪ್ಪಾ, ನಿನ್ನ ಆಸಕ್ತಿ ಏನೇನು ಹೇಳು."

ಐವತ್ತರ ಹತ್ತಿರ ಬಂದವನನ್ನು ಕೇಳುವ ಪ್ರಶ್ನೆಯಾ ಇದು? ಊಟ ಆದ ಮೇಲೆ ಅರ್ಧ ಗಂಟೆ ಮಲಗೋದು ಅಂದೆ. ಅದನ್ನು ಒತ್ತಲು ಅಲ್ಲಿ ಜಾಗ ಇರಲಿಲ್ಲ. ಕೊನೆಗೆ ಅವಳೇ ಓದು, ನಡಿಗೆ, ಸಂಗೀತ ಅಂತ ಮೂರು ಒತ್ತಿಸಿದಳು. ಆಮೇಲೆ ಬೇರೆಯವರದ್ದು ನೋಡಿದರೆ ಎಲ್ಲರೂ ಒತ್ತಿರುವುದು ಅದನ್ನೇ, ಜೊತೆಗೆ ಪ್ರವಾಸ ಮತ್ತು ತಿಂಡಿ. ಆ ಲೆಕ್ಕದಲ್ಲಿ ಇಡೀ ಕರ್ನಾಟಕವೇ ಸಮಾನ ಮನಸ್ಕರ ಕೂಟ.

ಎಷ್ಟು ದೂರದವರು ಆಗಬಹುದು ಅಂತ ಆ್ಯಪ್ ಕೇಳಿತು. 25 ಕಿಲೋಮೀಟರ್ ಅಂತ ಕೊಟ್ಟೆ. ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ ಸುಮಾರು 20 ಕಿಲೋಮೀಟರ್, ಹಾಗಾಗಿ ಎರಡೂ ಊರು ಒಂದೇ ಬುಟ್ಟಿಗೆ ಬಿದ್ದವು. 1962ರಲ್ಲೇ ಎರಡಕ್ಕೂ ಸೇರಿಸಿ ಒಂದೇ ಮಹಾನಗರ ಪಾಲಿಕೆ ಮಾಡಿದ್ದರು ಅಂದ ಮೇಲೆ ಆ್ಯಪ್‌ನದೇನು ತಪ್ಪು? ಆದರೆ ಆಫೀಸಿನಲ್ಲಿ, ಧಾರವಾಡದವರು ಒಬ್ಬರು ಸಿಕ್ಕಿದ್ದಾರೆ ಅಂದಾಗ ಪಕ್ಕದ ಟೇಬಲ್ಲಿನವರು ಫೈಲಿನಿಂದ ತಲೆ ಎತ್ತಲೇ ಇಲ್ಲ. "ಧಾರವಾಡದವ್ರಾ? ಹಂಗಾರ ಮಾತು ಭಾಳ ಆಗ್ತದ. ಚಾ ಮಾತ್ರ ನೀವ ಕುಡಿಸಬೇಕು ನೋಡ್ರೀ" ಅಂದರು. ಆ ಧಾರವಾಡದವರು ಎರಡು ದಿನ 'ಹಾಯ್' ಅಂದು ಸುಮ್ಮನಾದರು. ಚಾ ಖರ್ಚು ಉಳಿಯಿತು.

ಹೀಗೆ ಜನರನ್ನು ಕೂಡಿಸುವ ಕೆಲಸಕ್ಕೆ ಹೆಸರಾದ ಮೀಟಪ್ ಅನ್ನುವ ಜಾಲತಾಣ ಹುಟ್ಟಿದ್ದು 2002ರಲ್ಲಿ, ನ್ಯೂಯಾರ್ಕ್‌ನಲ್ಲಿ. ಹಿಂದಿನ ವರ್ಷದ ಸೆಪ್ಟೆಂಬರ್ ದಾಳಿ ಆದ ಮೇಲೆ, ಅಲ್ಲಿಯವರೆಗೆ ಮುಖ ನೋಡಿ ಮಾತಾಡಿಸದ ಅಕ್ಕಪಕ್ಕದವರು ಒಬ್ಬರನ್ನೊಬ್ಬರು ಮಾತಾಡಿಸತೊಡಗಿದ್ದನ್ನು ಕಂಡು ಅದರ ಸ್ಥಾಪಕರಿಗೆ ಹೊಳೆದದ್ದಂತೆ. ಹುಬ್ಬಳ್ಳಿಯಲ್ಲಿ ಅಷ್ಟೆಲ್ಲ ಆಗಬೇಕಾಗಿಲ್ಲ. ಬಸ್ಸು ಐದು ನಿಮಿಷ ತಡವಾದರೆ ಸಾಕು.

ಮೂರನೇ ವಾರ ಆ್ಯಪ್‌ನಲ್ಲಿ ಒಂದು ಕರೆ ಬಂತು. ಭಾನುವಾರ ಬೆಳಿಗ್ಗೆ ಆರೂವರೆಗೆ ಉಣಕಲ್ ಕೆರೆಯ ಹತ್ತಿರ ನಡಿಗೆ. ಹನ್ನೆರಡು ಜನ 'ಬರುತ್ತೇನೆ' ಅಂತ ಒತ್ತಿದ್ದರು. ಹುಬ್ಬಳ್ಳಿ-ಧಾರವಾಡದ ನಡುವೆ ತನ್ನದೇ ದಾರಿಯಲ್ಲಿ ಓಡುವ ಚಿಗರಿ ಬಸ್ ಹಿಡಿದು ಹೋದೆ. (ಚಿಗರಿ ಅಂದರೆ ಜಿಂಕೆ ಅಂತ ನನಗೆ ಗೊತ್ತಾಗಲು ಎರಡು ವಾರ ಬೇಕಾಯಿತು. ಚಿಗುರಿಗೆ ಸಂಬಂಧಪಟ್ಟಿದ್ದು ಅಂದುಕೊಂಡಿದ್ದೆ.) ಕೆರೆಯ ನಡುವೆ ವಿವೇಕಾನಂದರು ಕೈಕಟ್ಟಿ ನಿಂತಿದ್ದರು. ದಂಡೆಯ ಮೇಲೆ ಫೋನು ಹಿಡಿದುಕೊಂಡು ನಾವು ಮೂರು ಜನ. ಉಳಿದ ಒಂಬತ್ತು ಮಂದಿ ಬಹುಶಃ ಹಾಸಿಗೆಯಲ್ಲೇ ಸಮಾನ ಮನಸ್ಕರಾಗಿದ್ದರು.

ಒಬ್ಬ ಹುಡುಗ ಕಲಬುರಗಿಯವನು. ಒಬ್ಬಳು ಮಂಗಳೂರಿನವಳು, ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಓದುತ್ತಾಳೆ. ನಾನು ಮೈಸೂರು. ಮೂವರದ್ದೂ ಕನ್ನಡವೇ, ಆದರೂ ಪ್ರತಿ ಮಾತಿಗೆ ಎರಡು ಸಲ 'ಏನು?' ಅನ್ನಬೇಕಾಗುತ್ತಿತ್ತು. ಆಗ ಹೊಳೆಯಿತು. ಬಂದ ಮೂವರಲ್ಲಿ ಈ ಊರಿನವರು ಒಬ್ಬರೂ ಇಲ್ಲ. ಅವರಿಗೆ ಆ್ಯಪ್ ಯಾಕೆ ಬೇಕು? ನಮ್ಮನ್ನು ಕೂಡಿಸಿದ್ದು ಓದೂ ಅಲ್ಲ, ಸಂಗೀತವೂ ಅಲ್ಲ, ಮೂವರ ಕೋಣೆಯಲ್ಲೂ ಇದ್ದ ಒಂದೊಂದು ಕುಕ್ಕರ್.

ನಾವು ಹಾಗೆ ನಿಂತಿರುವಾಗ ಐದಾರು ಹಿರಿಯರ ಗುಂಪೊಂದು ಎದುರಾಯಿತು. ಮಫ್ಲರ್ ಸುತ್ತಿಕೊಂಡಿದ್ದ ಒಬ್ಬರು ನಿಂತರು.

"ಯಾರ ದಾರಿ ನೋಡಾಕತ್ತೀರಿ? ಯಾವೂರ್ರೀ ನಿಮ್ದು?"

ಹೇಳಿದೆ.

"ಮೈಸೂರೇನ್ರೀ! ನಮ್ಮ ಸಣ್ಣ ಮಗಳನ್ನ ಅಲ್ಲೇ ಕೊಟ್ಟೇವಿ. ಕುವೆಂಪುನಗರ. ನಿಮಗ ಸಮೀಪ ಆಗ್ತದೇನು?"

ನಡೆಯುತ್ತ ಎರಡು ನಿಮಿಷದಲ್ಲಿ ನನ್ನ ಆಫೀಸು, ಬಾಡಿಗೆ, ಮಗಳ ಪರೀಕ್ಷೆ, ಸೊಂಟನೋವು ಎಲ್ಲ ಅವರ ಕೈಗೆ ಹೋಗಿತ್ತು. ಆ್ಯಪ್‌ಗೆ ನನ್ನ ಸೊಂಟದ ವಿಷಯ ಇನ್ನೂ ಗೊತ್ತಿಲ್ಲ.

ನಡಿಗೆ ಆದ ಮೇಲೆ ಗಾಡಿಯ ಹತ್ತಿರ ಅವಲಕ್ಕಿ, ಮಿರ್ಚಿ, ಚಾ. ಅಲ್ಲಿ ನಾನು ನೋಡಿದ್ದನ್ನು ಹೇಳಬೇಕು. ಮಫ್ಲರ್‌ನವರು ಮಿರ್ಚಿಯ ಕಡಲೆಹಿಟ್ಟಿನ ಅಂಗಿ ಮಾತ್ರ ಬಿಡಿಸಿ ತಿಂದರು. ಒಳಗಿನ ಹಸಿಮೆಣಸಿನಕಾಯಿಯನ್ನು ತೊಟ್ಟು ಹಿಡಿದು, ನೋಡದೆಯೇ, ಪಕ್ಕದವರ ಹಾಳೆಗೆ ಇಟ್ಟರು. ಪಕ್ಕದವರು ಅದನ್ನು ಅವಲಕ್ಕಿಗೆ ಕಚ್ಚಿಕೊಂಡರು. ಇಬ್ಬರೂ ಮಾತು ನಿಲ್ಲಿಸಲಿಲ್ಲ. ಮಾತು ಅಂದರೆ ಜಗಳ. ಚಿಗರಿ ಬಸ್ಸಿಗೆ ಬೇರೆ ದಾರಿ ಬಿಟ್ಟಿದ್ದು ಸರಿಯೋ ತಪ್ಪೋ ಅಂತ ಶುರುವಾಗಿ, ಸೊಸೆಯಂದಿರು, ರಾಜಕಾರಣ, ಪೇಡೆಗೆ ಎಷ್ಟು ಸಕ್ಕರೆ ಇರಬೇಕು ಅನ್ನುವವರೆಗೆ ಹೋಯಿತು. ಒಂದರಲ್ಲೂ ಇಬ್ಬರದ್ದು ಒಮ್ಮತವಿಲ್ಲ. ಮೂವತ್ತು ವರ್ಷದ ದೋಸ್ತಿಯಂತೆ. ಆಸಕ್ತಿ ಒತ್ತಿಸಿ ನೋಡಿದ್ದರೆ ಇವರನ್ನು ಯಾವ ಆ್ಯಪ್ ಕೂಡಿಸುತ್ತಿತ್ತು?

ಧಾರವಾಡದಲ್ಲಿ 1920ರ ದಶಕದಲ್ಲಿ ಬೇಂದ್ರೆಯವರ ಸುತ್ತ ಕೂಡಿದವರು ತಮ್ಮನ್ನು ಕರೆದುಕೊಂಡದ್ದು 'ಗೆಳೆಯರ ಗುಂಪು' ಅಂತ. ಸಮಾನ ಮನಸ್ಕರ ಗುಂಪು ಅಂತ ಅಲ್ಲ. ಅದರಲ್ಲಿ ಕವಿಗಳೂ ಇದ್ದರು, ಹಳೆಯದನ್ನು ಅಗೆದು ನೋಡುವ ಸಂಶೋಧಕ ಶಂ.ಬಾ. ಜೋಶಿಯವರೂ ಇದ್ದರು. ಅಲ್ಲಿನ ಸುಭಾಷ್ ರಸ್ತೆಯಲ್ಲಿ ಪುಸ್ತಕ ಪ್ರಕಟಿಸುವ ಮನೋಹರ ಗ್ರಂಥಮಾಲೆಯ ಅಟ್ಟವಿದೆ. ಎಷ್ಟೋ ಸಾಹಿತಿಗಳು ಮೆಟ್ಟಿಲು ಹತ್ತಿ ಹೋಗಿ ಅಲ್ಲಿ ಹರಟಿದ್ದಾರೆ. ಅಲ್ಲಿಯೂ ಎಲ್ಲರೂ ಬರೀ ಹೂಂ ಹೂಂ ಅನ್ನುತ್ತಿದ್ದರು ಅಂತ ನನಗಂತೂ ಅನ್ನಿಸುವುದಿಲ್ಲ.

ಆ್ಯಪ್ ತೆಗೆದುಹಾಕಿಲ್ಲ. ಅದು ಇಲ್ಲದಿದ್ದರೆ ಭಾನುವಾರ ಆರೂವರೆಗೆ ನಾನು ಕೆರೆ ದಂಡೆಯಲ್ಲಿ ಇರುತ್ತಿರಲಿಲ್ಲ, ಅಷ್ಟು ನಿಜ. ನಾವು ಮೂವರೂ ಈಗ ಹಿರಿಯರ ಗುಂಪಿನ ಬಾಲ. ಮಂಗಳೂರಿನವಳು 'ಹೌದ್ರೀ' ಕಲಿತಿದ್ದಾಳೆ. ಕಲಬುರಗಿಯವನು ಪೇಡೆ ಜಗಳದಲ್ಲಿ ಮೂರನೇ ಪಕ್ಷ ಕಟ್ಟಿದ್ದಾನೆ.

ಕಳೆದ ವಾರ ಹೋದಾಗ ದಂಡೆಯ ಮೇಲೆ ಹೊಸ ಬೂಟು ಹಾಕಿದ ಒಬ್ಬರು ಫೋನು ನೋಡುವುದು, ತಲೆ ಎತ್ತುವುದು, ಮತ್ತೆ ಫೋನು ನೋಡುವುದು ಮಾಡುತ್ತಿದ್ದರು. ಆ ನಿಲುವು ನನಗೆ ಚೆನ್ನಾಗಿ ಗೊತ್ತು. ಕೈ ಎತ್ತಿ ಕರೆಯೋಣ ಅನ್ನುವಷ್ಟರಲ್ಲಿ ಮಫ್ಲರ್ ನನ್ನನ್ನು ದಾಟಿ ಮುಂದೆ ಹೋಗಿತ್ತು.

"ಶಿರಸಿಯವ್ರಾ? ಶಿರಸ್ಯಾಗ ಎಲ್ಲಿ? ನಮ್ಮ ತಂಗಿ ಮಗ ಅಲ್ಲೇ ಇರ್ತಾನ್ರೀ..."