ಬಳ್ಳಾರಿ ಬಿಸಿಲಿನ ಮೇಲೂ ಐಸ್ ಕಟ್ಟುತ್ತದೆ

ತೋರಣಗಲ್ಲಿನ ವಿದ್ಯಾನಗರ ವಿಮಾನ ನಿಲ್ದಾಣದ ಎಟಿಆರ್ ಎಂಬ ಪ್ರೊಪೆಲರ್ ವಿಮಾನಗಳ ಬಗ್ಗೆ ನಮ್ಮ ಕಡೆ ಒಂದು ಮಾತು ಕೇಳಿಬರುತ್ತದೆ: "ಅದು ಫ್ಯಾನಿನ ವಿಮಾನ, ಜೆಟ್‌ನಷ್ಟು ಗಟ್ಟಿ ಅಲ್ಲ." ಈ ಮಾತನ್ನು ನಾನು ಒಪ್ಪುವುದಿಲ್ಲ. ಎಟಿಆರ್‌ಗೆ ಐಸ್ ಕಾಟ ಹೆಚ್ಚು ನಿಜ, ಆದರೆ ಮುಖ್ಯ ವ್ಯತ್ಯಾಸ ಗಟ್ಟಿತನದ್ದಲ್ಲ, ಹಾರುವ ಎತ್ತರದ್ದು.

ಮೇಲೆ ಹೋದಂತೆ ಸಾವಿರ ಅಡಿಗೆ ಸುಮಾರು 2 ಡಿಗ್ರಿ ತಂಪಾಗುತ್ತದೆ. ಮಳೆಗಾಲದಲ್ಲಿ ನಮ್ಮ ನೆತ್ತಿಯ ಮೇಲೆ 16-18 ಸಾವಿರ ಅಡಿಗೆಲ್ಲ ಸೊನ್ನೆ ಡಿಗ್ರಿ. ಅಲ್ಲಿಂದ ಮೈನಸ್ 20ರವರೆಗಿನ ಮೋಡಗಳಲ್ಲಿ ಇನ್ನೂ ಹೆಪ್ಪುಗಟ್ಟದ ನೀರಹನಿಗಳಿರುತ್ತವೆ. ರೆಕ್ಕೆಗೆ ತಾಗಿದೊಡನೆ ಅವು ಗಡ್ಡೆಯಾಗುತ್ತವೆ. ಎಟಿಆರ್ ಏರಬಹುದಾದದ್ದು ಹೆಚ್ಚೆಂದರೆ 25,000 ಅಡಿ, ಅಂದರೆ ಅದರ ದಾರಿಯೇ ಈ ಪದರದಲ್ಲಿದೆ. ಜೆಟ್ ಇದನ್ನು ಕೆಲವೇ ನಿಮಿಷಗಳಲ್ಲಿ ದಾಟಿ 35 ಸಾವಿರ ಅಡಿಗೆ ಹೋಗುತ್ತದೆ. ಅಲ್ಲಿ ನೀರು ಬಹುಪಾಲು ಹರಳಾಗಿರುತ್ತದೆ, ರೆಕ್ಕೆಗೆ ಅಂಟುವುದಿಲ್ಲ. ಆ ಹರಳಿಗೂ ತನ್ನದೇ ಅಪಾಯವಿದೆ: 2009ರಲ್ಲಿ ಏರ್ ಫ್ರಾನ್ಸ್ 447ರ ವೇಗ ಅಳೆಯುವ ಪಿಟೋ ನಳಿಕೆಗಳು ಮುಚ್ಚಿಹೋದದ್ದು ಅದರಿಂದಲೇ.

ವೇಗವೂ ಜೆಟ್‌ನ ಪರ. ಗಾಳಿ ಒತ್ತಿಕೊಂಡು ರೆಕ್ಕೆಯ ಅಂಚು ಜೆಟ್‌ನಲ್ಲಿ 25 ಡಿಗ್ರಿಗೂ ಹೆಚ್ಚು ಬೆಚ್ಚಗಾದರೆ, ಎಟಿಆರ್‌ನಲ್ಲಿ ಹತ್ತರ ಆಸುಪಾಸು. ಮೇಲಾಗಿ ಜೆಟ್ ತನ್ನ ಎಂಜಿನ್‌ನ ಬಿಸಿಗಾಳಿಯನ್ನೇ ರೆಕ್ಕೆಯ ಅಂಚಿಗೆ ಹರಿಸಿ ಐಸ್ ಕಟ್ಟದಂತೆ ತಡೆಯುತ್ತದೆ. ಎಟಿಆರ್‌ನ ಸಣ್ಣ ಎಂಜಿನ್‌ನಿಂದ ಅಷ್ಟು ಗಾಳಿ ಕದ್ದರೆ ಪ್ರೊಪೆಲರ್‌ಗೆ ಶಕ್ತಿ ಸಾಲದು. ಆದ್ದರಿಂದ ಪ್ರೊಪೆಲರ್ ಅಲಗುಗಳಿಗೆ ವಿದ್ಯುತ್ ಹೀಟರ್, ರೆಕ್ಕೆಯ ಅಂಚಿಗೆ ರಬ್ಬರ್ ಬೂಟು. ಅದು ಸೈಕಲ್ ಟ್ಯೂಬಿನಂತೆ ಉಬ್ಬಿ, ಕಟ್ಟಿದ ಗಡ್ಡೆಯನ್ನು ಒಡೆದು ಉದುರಿಸುತ್ತದೆ.

ಬೂಟಿನ ಹಿಂದೆ ಕಟ್ಟಿದ್ದನ್ನು ಮಾತ್ರ ಅದು ಒಡೆಯಲಾರದು. 1994ರ ಅಕ್ಟೋಬರ್ 31ರಂದು ಅಮೆರಿಕದ ರೋಸ್‌ಲಾನ್ ಬಳಿ ಎಟಿಆರ್ 72 ಒಂದು 10,000 ಅಡಿಯಲ್ಲಿ ಫ್ಲಾಪ್ (ನಿಧಾನ ಹಾರಾಟಕ್ಕೆ ರೆಕ್ಕೆಯ ಹಿಂದಿನಿಂದ ಇಳಿಸುವ ಪಟ್ಟಿ) ಇಳಿಸಿಕೊಂಡು ಸುತ್ತುತ್ತಿತ್ತು. ದಪ್ಪ ಹನಿಗಳು ಹಿಂದಕ್ಕೆ ಹರಿದು ಬೂಟಿನಾಚೆ ಏಣು ಕಟ್ಟಿದವು. ಫ್ಲಾಪ್ ಎತ್ತಿದ ಮೇಲೆ ವಿಮಾನವನ್ನು ಪಕ್ಕಕ್ಕೆ ವಾಲಿಸುವ ರೆಕ್ಕೆಯಂಚಿನ ಪಟ್ಟಿ, ಐಲೆರಾನ್, ತಾನಾಗಿ ತಿರುಗಿತು. ವಿಮಾನ ಹಿಡಿತ ತಪ್ಪಿ ಬಿದ್ದು 68 ಜನ ಹೋದರು. ಆಮೇಲೆ ಬೂಟುಗಳನ್ನು ಅಗಲ ಮಾಡಿದರು.

ಇಂದಿನ ನಿಯಮದಲ್ಲಿ ಆ ಪಾಠವಿದೆ. ಪಕ್ಕದ ಕಿಟಕಿಗಾಜಿನ ಮೇಲೆ ಐಸ್ ಹರಡಿತೋ, ಕಾರಣವಿಲ್ಲದೆ ವೇಗ ಕುಸಿಯಿತೋ, ಪರಿಸ್ಥಿತಿ ತೀವ್ರ ಎಂದರ್ಥ. ಐಸ್ ಕಟ್ಟುವಾಗಿನ ಹಾರಾಟಕ್ಕೆ ನಿಗದಿಯಾದ ಕನಿಷ್ಠ ವೇಗಕ್ಕೆ 10 ನಾಟ್ (ಗಂಟೆಗೆ ಸುಮಾರು 18 ಕಿ.ಮೀ.) ಸೇರಿಸಿ, ಪವರ್ ಹೆಚ್ಚಿಸಿ, ಕಂಟ್ರೋಲನ್ನು ಗಟ್ಟಿಯಾಗಿ ಹಿಡಿದು ಆಟೋಪೈಲಟ್ ಬಿಡಿಸಿ, ಅಲ್ಲಿಂದ ಹೊರಬೀಳಬೇಕು. ಫ್ಲಾಪ್ ಇಳಿದಿದ್ದರೆ ಐಸ್ ಪೂರ್ತಿ ಹೋಗುವವರೆಗೆ ಎತ್ತಕೂಡದು. 2024ರ ಆಗಸ್ಟ್‌ನಲ್ಲಿ ಬ್ರೆಜಿಲ್‌ನಲ್ಲಿ 62 ಜನರನ್ನು ಕಳೆದುಕೊಂಡ ಎಟಿಆರ್‌ನಲ್ಲೂ ವೇಗ ಕಡಿಮೆಯಾಗಿದೆ, ವೇಗ ಹೆಚ್ಚಿಸಿ ಎಂಬ ಎಚ್ಚರಿಕೆಗಳು ಒಂದರ ಹಿಂದೊಂದು ಬಂದಿದ್ದವು.

ನಮ್ಮ ಭಾಗಕ್ಕೆ ಒಂದು ದೊಡ್ಡ ಅನುಕೂಲವಿದೆ. ಎತ್ತರದ ಬೆಟ್ಟಗಳಿಲ್ಲ, ಕೆಲವು ಸಾವಿರ ಅಡಿ ಇಳಿದರೆ ಐಸ್ ಕರಗುವ ಬೆಚ್ಚನೆ ಗಾಳಿ ಸಿಗುತ್ತದೆ. ಹಾಗಾಗಿ ಜುಲೈ-ಆಗಸ್ಟ್‌ನಲ್ಲಿ ಪೈಲಟ್ ಬೇಗ ಕೆಳಗಿಳಿದರೆ ಅಥವಾ ಮೋಡ ಬಳಸಿ ತಡವಾಗಿ ಬಂದರೆ ಸಿಬ್ಬಂದಿ ಮೇಲೆ ದಯವಿಟ್ಟು ರೇಗಬೇಡಿ. ಅವರು ಮಾಡಬೇಕಾದ ಕೆಲಸವೇ ಅದು.