ಸ್ವಂತ ಯಂತ್ರ ಯಾಕಿಲ್ಲ ಅಂದರೆ

ಯಂತ್ರಗಳನ್ನು ಹೊತ್ತು ಊರಿಂದೂರಿಗೆ ಹೋಗಿ, ಕೂಲಿಗೆ ರೈತರ ಗೋಧಿ ಕೊಯ್ದುಕೊಡುವ ಅಮೆರಿಕದ ತಂಡಗಳ ಬಗ್ಗೆ ನಿಮ್ಮ ಲೇಖನ ಚೆನ್ನಾಗಿದೆ. ಆದರೆ ‘ಅಷ್ಟು ದೊಡ್ಡ ರೈತರು ಸ್ವಂತ ಯಂತ್ರ ಯಾಕೆ ಇಟ್ಟುಕೊಳ್ಳುವುದಿಲ್ಲ?’ ಎಂದು ಕೇಳಿ ಅಲ್ಲಿಗೇ ಬಿಟ್ಟಿದ್ದೀರಿ. ಒಂದು ಕಂಬೈನ್, ಅಂದರೆ ಕೊಯ್ಲು ಒಕ್ಕಣೆ ಎರಡನ್ನೂ ಒಟ್ಟಿಗೆ ಮಾಡುವ ಯಂತ್ರದ ಬೆಲೆ ಲಕ್ಷಗಟ್ಟಲೆ ಡಾಲರ್. ಒಬ್ಬ ರೈತನ ಗೋಧಿ ಕೊಯ್ಲು ಕೆಲವೇ ದಿನಗಳ ಕೆಲಸ. ಆಮೇಲೆ ಅದು ಶೆಡ್ಡಿನಲ್ಲಿ ಸುಮ್ನೆ ನಿಂತಿರುತ್ತದೆ, ಸಾಲದ ಬಡ್ಡಿ ಮಾತ್ರ ನಿಲ್ಲುವುದಿಲ್ಲ.

ತಂಡದವರಿಗೆ ಹಾಗಲ್ಲ. ಗೋಧಿ ದಕ್ಷಿಣದಿಂದ ಉತ್ತರಕ್ಕೆ ಮಾಗುತ್ತಾ ಹೋಗುತ್ತದೆ. ಮೇ ತಿಂಗಳಲ್ಲಿ ಟೆಕ್ಸಾಸ್, ಜೂನ್‌ನಲ್ಲಿ ಕಾನ್ಸಸ್, ಆಮೇಲೆ ನೆಬ್ರಾಸ್ಕಾ, ಬೇಸಿಗೆ ಮುಗಿಯುವ ಹೊತ್ತಿಗೆ ಮೊಂಟಾನಾ. ಅದೇ ಯಂತ್ರಕ್ಕೆ ತಿಂಗಳುಗಟ್ಟಲೆ ಕೆಲಸ.

ಕೂಲಿ ಲೆಕ್ಕವೂ ಮಜವಾಗಿದೆ. ಒಂದು ಕಾಲದಲ್ಲಿ ‘20-20-20’ ಎಂಬ ದರ ಇತ್ತು. ಎಕರೆಗೆ 20 ಡಾಲರ್. ಇಳುವರಿ ಎಕರೆಗೆ 20 ಬುಶೆಲ್ (ಗೋಧಿಯ ಒಂದು ಬುಶೆಲ್ ಅಂದರೆ ಸುಮಾರು 27 ಕಿಲೋ) ದಾಟಿದರೆ, ಮೇಲಿನ ಪ್ರತಿ ಬುಶೆಲ್‌ಗೆ 20 ಸೆಂಟ್. ಲಾರಿಯಲ್ಲಿ ಸಾಗಿಸಲು ಬುಶೆಲ್‌ಗೆ ಇನ್ನೊಂದು 20 ಸೆಂಟ್. ಬೆಳೆ ಚೆನ್ನಾಗಿ ಬಂದರೆ ಇಬ್ಬರಿಗೂ ಲಾಭ. ಆಲಿಕಲ್ಲು ಬಿದ್ದರೆ? ರೈತನಿಗೆ ಬೆಳೆ ವಿಮೆಯಾದರೂ ಇರಬಹುದು, ನೂರಾರು ಮೈಲಿ ಡೀಸೆಲ್ ಸುಟ್ಟು ಬಂದ ತಂಡಕ್ಕೆ ಕೊಯ್ಯಲು ಹೊಲವೇ ಇರುವುದಿಲ್ಲ. ಇಂಥ ಕೆಲಸವನ್ನು ನೀವು ಲೇಖನದಲ್ಲಿ ಬರೀ ‘ಸಾಹಸ ಪ್ರವಾಸ’ ಅಂದಿದ್ದು ನನಗೆ ಸರಿ ಕಾಣಲಿಲ್ಲ.

ಇನ್ನೊಂದು ವಿಷಯ. ಈ ಪದ್ಧತಿ ದೊಡ್ಡದಾಗಿದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. ಆಗ ಉಕ್ಕಿಗೂ ರೇಷನ್, ಆಳುಗಳಿಗೂ ಬರ. 1944ರಲ್ಲಿ ಮ್ಯಾಸಿ-ಹ್ಯಾರಿಸ್ ಕಂಪನಿ ಹೆಚ್ಚುವರಿ ಉಕ್ಕಿಗೆ ಅನುಮತಿ ಪಡೆದು 500 ಕಂಬೈನ್ ತಯಾರಿಸಿ, ಹೀಗೆ ಊರೂರು ಸುತ್ತಿ ಕೊಯ್ಯುವವರಿಗೇ ಮಾರಿತು. ಲೇಖನದಲ್ಲಿ ಅದಕ್ಕೆ ಎರಡು ಸಾಲು ಜಾಗ ಇರಬೇಕಿತ್ತು, ಅಲ್ವಾ?