ವೈಪರ್ ಸಂತೆಗೆ ಬಂದ ಬೇಸಿಗೆ

ಮಿಶಿಗನ್‌ಗೆ ಬಂದ ಹೊಸದರಲ್ಲಿ ನನಗೆ ಭಾರಿ ಮುಜುಗರ ಆಗುತ್ತಿದ್ದದ್ದು ಗರಾಜ್ ಸೇಲ್ ನೋಡಿದಾಗ. ಒಳ್ಳೆ ಕೆಲಸದಲ್ಲಿರುವ ಮನುಷ್ಯ, ಎರಡು ಕಾರು, ದೊಡ್ಡ ಮನೆ. ಶನಿವಾರ ಬೆಳಿಗ್ಗೆ ಮನೆ ಮುಂದೆ ಮೇಜು ಹಾಕಿಕೊಂಡು, ಮಕ್ಕಳ ಹಳೇ ಸೈಕಲ್ಲು, ಹೆಂಡತಿಯ ಕಾಫಿ ಲೋಟ, ಅಜ್ಜನ ಗಡಿಯಾರಕ್ಕೆಲ್ಲ ಬೆಲೆಯ ಚೀಟಿ ಅಂಟಿಸಿ ಕೂತಿರುತ್ತಾನೆ. ಮೈಸೂರಿನಲ್ಲಿ ನಮ್ಮಮ್ಮ ಹಳೇ ಪೇಪರ್ ಹಾಕುವಾಗಲೂ ತಕ್ಕಡಿಯವನನ್ನು ಗೇಟಿನ ಒಳಗೆ ಕರೆದು, ಗೇಟು ಮುಚ್ಚುತ್ತಿದ್ದರು. ಮಾರುತ್ತಿದ್ದಾರೆ ಅಂದರೆ ಆ ಮನೆಯಲ್ಲಿ ಏನೋ ಎಡವಟ್ಟಾಗಿದೆ ಅಂತ ಬೀದಿಯವರು ತಿಳಿದುಕೊಳ್ಳುತ್ತಾರೆ, ಅಲ್ವಾ?

2008ರ ಆಗಸ್ಟ್ ಕೊನೆಯಲ್ಲಿ ಇಲ್ಲಿನ ಕಾರು ಕಂಪನಿ ಕ್ರೈಸ್ಲರ್ ಹಾಕಿದ್ದೂ ಒಂದು ಗರಾಜ್ ಸೇಲ್ ಮೇಜೇ. ಡಾಡ್ಜ್ ವೈಪರ್ ಅನ್ನುವ ತನ್ನ ಸ್ಪೋರ್ಟ್ಸ್ ಕಾರಿನ ವ್ಯವಹಾರವನ್ನು ಮಾರುವುದೂ ಸೇರಿ ಎಲ್ಲ ದಾರಿಗಳನ್ನೂ ನೋಡುತ್ತಿದ್ದೇವೆ ಅಂತ ಊರಿಗೆಲ್ಲ ಹೇಳಿತು. ವುಡ್‌ವರ್ಡ್ ಡ್ರೀಮ್ ಕ್ರೂಸ್ ಮುಗಿದು ಹತ್ತು ಹನ್ನೊಂದು ದಿನ ಆಗಿತ್ತಷ್ಟೇ. ವರ್ಷಕ್ಕೊಂದು ಶನಿವಾರ ಡೆಟ್ರಾಯಿಟ್ ಸುತ್ತಲಿನ ಹಳೇ ಕಾರುಗಳೆಲ್ಲ ವುಡ್‌ವರ್ಡ್ ರಸ್ತೆಗೆ ಇಳಿಯುತ್ತವೆ. ಜನ ಕುರ್ಚಿ ತಂದು ಫುಟ್‌ಪಾತಿನಲ್ಲಿ ಕೂತು ನೋಡುತ್ತಾರೆ, ನಮ್ಮೂರಲ್ಲಿ ಜಂಬೂಸವಾರಿಗೆ ಬೆಳಿಗ್ಗೆಯಿಂದಲೇ ಜಾಗ ಹಿಡಿಯುವ ಹಾಗೆ.

ಆಗ ನಾನು ಬಿಡಿಭಾಗ ಮಾಡುವ ಸಣ್ಣ ಕಂಪನಿಯೊಂದರಲ್ಲಿದ್ದೆ. ಆ ಬೇಸಿಗೆಯಲ್ಲಿ ಪೆಟ್ರೋಲ್ ಗ್ಯಾಲನ್ನಿಗೆ 4 ಡಾಲರ್ ದಾಟಿತ್ತು. ಕ್ರೈಸ್ಲರ್‌ನ ಅನ್ನ ಇದ್ದದ್ದೆಲ್ಲ ಪಿಕಪ್, ಎಸ್‌ಯುವಿ, ಮಿನಿವ್ಯಾನ್‌ಗಳಲ್ಲಿ. ಒಂದು ವರ್ಷದ ಹಿಂದೆ ಜರ್ಮನಿಯ ಡೈಮ್ಲರ್ ಈ ಸಹವಾಸ ಸಾಕು ಅಂತ ಶೇಕಡಾ 80.1ರಷ್ಟು ಪಾಲನ್ನು ಸೆರ್ಬೆರಸ್ ಎಂಬ ಹೂಡಿಕೆ ಕಂಪನಿಗೆ ದಾಟಿಸಿ ಕೈ ತೊಳೆದುಕೊಂಡಿತ್ತು. ಹೊಸ ಯಜಮಾನರಿಗೆ ಕಾರಿನ ಹುಚ್ಚಿರಲಿಲ್ಲ. ಲೆಕ್ಕದ ಪುಸ್ತಕವಿತ್ತು.

ವೈಪರ್ ಬಗ್ಗೆ ಸ್ವಲ್ಪ ಹೇಳಬೇಕು. ವೈಪರ್ ಅಂದರೆ ನಮ್ಮ ಕೊಳಕುಮಂಡಲದ ಜಾತಿಯ ಹಾವು. ನಿಂಬೆಹಣ್ಣು ಮೆಣಸಿನಕಾಯಿ ಕಟ್ಟದೆ ಗಾಡಿ ಮುಟ್ಟದ ನಾವು ಕೊಳಕುಮಂಡಲ ಅಂತ ಹೆಸರಿಟ್ಟ ಗಾಡಿಗೆ ಹತ್ತುತ್ತೇವಾ? ಆದರೆ 1989ರ ಜನವರಿಯಲ್ಲಿ ಡೆಟ್ರಾಯಿಟ್ ಆಟೋ ಶೋನಲ್ಲಿ ಮಾದರಿ ಕಾರನ್ನು ಇಟ್ಟಾಗ ಜನ ಮುಗಿಬಿದ್ದರು. 1992ರಲ್ಲಿ ಮಾರಾಟಕ್ಕೆ ಬಂತು. ಹತ್ತು ಸಿಲಿಂಡರ್, 8 ಲೀಟರ್ ಎಂಜಿನ್, 400 ಅಶ್ವಶಕ್ತಿ. ಬಾಗಿಲಿಗೆ ಹೊರಗಡೆ ಹಿಡಿ ಇರಲಿಲ್ಲ. ಕಿಟಕಿಗೆ ಗಾಜಿರಲಿಲ್ಲ. ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಸೈಲೆನ್ಸರ್ ಬಾಗಿಲ ಕೆಳಗೇ ಹಾದುಹೋಗುತ್ತಿತ್ತು, ಇಳಿಯುವಾಗ ಮೈಮರೆತರೆ ಮೀನಖಂಡ ಚುರ್ರ್ ಅನ್ನುತ್ತಿತ್ತು. ಹೆಸರಿಗೆ ತಕ್ಕ ಹಾವು.

ಇಲ್ಲಿನವರು ಇಂದಿಗೂ ನಗುತ್ತಾ ಹೇಳುವ ಒಂದು ಕಥೆಯಿದೆ. 1991ರ ಇಂಡಿಯಾನಾಪೊಲಿಸ್ 500 ರೇಸಿಗೆ ರೇಸಿನ ಕಾರುಗಳ ಮುಂದೆ ಓಡುವ ಮುಂದಾಳು ಕಾರಾಗಿ ಡಾಡ್ಜ್ ಸ್ಟೆಲ್ತ್ ಹೋಗಬೇಕಿತ್ತು. ಅದನ್ನು ತಯಾರಿಸುತ್ತಿದ್ದದ್ದು ಜಪಾನಿನ ಮಿತ್ಸುಬಿಷಿ. ಕಾರ್ಮಿಕ ಸಂಘ ಸುಮ್ಮನಿರುತ್ತದೆಯೇ? ಕೊನೆಗೆ ಇನ್ನೂ ಮಾರುಕಟ್ಟೆಗೇ ಬಾರದ ವೈಪರನ್ನು ಕಳಿಸಿದರು, ಹಳೇ ರೇಸುಗಾರ ಕ್ಯಾರೊಲ್ ಶೆಲ್ಬಿ ಓಡಿಸಿದರು. ಡೆಟ್ರಾಯಿಟ್ ಊರಿಗೆ ಈ ಕಾರು ಏನಾಗಿತ್ತು ಅಂತ ತಿಳಿಯಲು ಇಷ್ಟು ಸಾಕು.

ಇದನ್ನು ಮಾರಿದರೆ ಕಂಪನಿ ಉಳಿಯುತ್ತಿತ್ತಾ? ಖಂಡಿತ ಇಲ್ಲ. ಕ್ರೈಸ್ಲರ್ 2007ರಲ್ಲಿ ಅಮೆರಿಕದಲ್ಲಿ ಮಾರಿದ್ದು ಸುಮಾರು 20 ಲಕ್ಷ ವಾಹನ. ವೈಪರ್ ಹುಟ್ಟಿದಾಗಿನಿಂದ ಕೊನೆಯವರೆಗೆ ತಯಾರಾದದ್ದೆಲ್ಲ ಸೇರಿಸಿದರೂ 30 ಸಾವಿರದ ಆಸುಪಾಸು. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಹಾಗಾದರೆ ಯಾಕೆ ಮಾರಲು ಹೊರಟರು? ಸಾಲ ಕೊಡುವವನ ಕಣ್ಣಿಗೆ ಕಾಣಲಿ ಅಂತ, ಅನ್ನುವುದು ನನ್ನ ಅನಿಸಿಕೆ. ನೋಡಿ, ಶೋಕಿ ಬಿಟ್ಟೆವು, ನಮ್ಮ ಕಷ್ಟ ನಿಜವಾದದ್ದು ಅಂತ ತೋರಿಸಲು. ಮಗಳ ಮದುವೆ ಸಾಲ ಕೇಳಲು ಹೋಗುವ ದಿನ ಗಟ್ಟಿ ಬಳೆ ತೆಗೆದಿಟ್ಟು ಹೋಗುವುದಿಲ್ಲವೇ, ಹಾಗೆ. ಅದು ಪೂರ್ತಿ ಸುಳ್ಳು ಲೆಕ್ಕವೂ ಅಲ್ಲ ಬಿಡಿ. ಅದೇ ನವೆಂಬರ್‌ನಲ್ಲಿ ಕ್ರೈಸ್ಲರ್, ಫೋರ್ಡ್, ಜನರಲ್ ಮೋಟಾರ್ಸ್ ಮೂರೂ ಕಂಪನಿಗಳ ಮುಖ್ಯಸ್ಥರು ಸ್ವಂತ ಜೆಟ್ ವಿಮಾನದಲ್ಲಿ ವಾಷಿಂಗ್ಟನ್‌ಗೆ ಹೋಗಿ ಸಹಾಯ ಕೇಳಿ, ದೇಶವಿಡೀ ಬೈಸಿಕೊಂಡರು. ಬಳೆ ತೆಗೆಯುವುದನ್ನು ಮರೆತಿದ್ದರು.

ಕಾಸು ಹುಟ್ಟದ ಕಾರು ಬೇಕಾದರೂ ಯಾಕೆ ಅಂತ ನಮ್ಮ ಕನ್ನಡ ಕೂಟದ ಗೆಳೆಯನೊಬ್ಬ ಕೇಳಿದ. ಅವನು ಓಡಿಸುತ್ತಿದ್ದದ್ದು ಡಾಡ್ಜ್ ಕ್ಯಾರವಾನ್. ಅಪ್ಪ ಅಮ್ಮ ಊರಿಂದ ಬಂದರೆ ಏಳು ಜನ ಒಟ್ಟಿಗೆ ನಯಾಗರಕ್ಕೆ ಹೋಗಬಹುದು ಅಂತ ತಗೊಂಡಿದ್ದ. ಅದನ್ನು ಕೊಳ್ಳಲು ಹೋದ ದಿನ ಶೋರೂಮಿನಲ್ಲಿ ಫೋಟೊ ತೆಗೆಸಿಕೊಂಡದ್ದು ಯಾವ ಕಾರಿನ ಪಕ್ಕ ಅಂತ ನಾನು ಕೇಳಿದೆ. ನಕ್ಕ. ಅಂಬಾರಿ ಹೊರುವ ಆನೆ ವರ್ಷಕ್ಕೆ ಎಷ್ಟು ದುಡಿಯುತ್ತದೆ ಅಂತ ಯಾರಾದರೂ ಲೆಕ್ಕ ಹಾಕುತ್ತಾರಾ?

ಪಕ್ಕದ ಫೋರ್ಡ್ ಇನ್ನೊಂದು ದಾರಿ ಹಿಡಿದಿತ್ತು. 2006ರ ಕೊನೆಯಲ್ಲಿ, ಬ್ಯಾಂಕುಗಳ ಕೈಯಲ್ಲಿ ಇನ್ನೂ ದುಡ್ಡಿದ್ದಾಗಲೇ, 23 ಬಿಲಿಯನ್ ಡಾಲರಿಗಿಂತ ಜಾಸ್ತಿ ಸಾಲ ಎತ್ತಿತು. ಒತ್ತೆ ಇಟ್ಟದ್ದು ಕಾರ್ಖಾನೆಗಳನ್ನು ಮಾತ್ರ ಅಲ್ಲ, ಆ ನೀಲಿ ಮೊಟ್ಟೆಯೊಳಗೆ ಬರೆದ ಫೋರ್ಡ್ ಅನ್ನುವ ಹೆಸರನ್ನೂ. ತಾಳಿ ಅಡ ಇಟ್ಟ ಹಾಗೆಯೇ. ಅದರ ಜೊತೆಗೆ 2007ರಲ್ಲಿ ಆಸ್ಟನ್ ಮಾರ್ಟಿನ್ ಮಾರಿತು, 2008ರ ಜೂನ್‌ನಲ್ಲಿ ಜಾಗ್ವಾರ್ ಮತ್ತು ಲ್ಯಾಂಡ್ ರೋವರ್‌ಗಳನ್ನು ನಮ್ಮ ಟಾಟಾಗೆ ಕೊಟ್ಟಿತು. ಅಡ ಇಟ್ಟ ಹೆಸರನ್ನು 2012ರಲ್ಲಿ ಬಿಡಿಸಿಕೊಂಡಿತು. ಫೋರ್ಡ್‌ನಲ್ಲಿದ್ದ ನಮ್ಮವರು ಆ ದಿನ ಆಫೀಸಿನಲ್ಲಿ ಸಿಹಿ ಹಂಚಿದರು.

ಆದರೆ ವೈಪರ್‌ಗೆ ಗಿರಾಕಿ ಕುದುರಲಿಲ್ಲ. ಕಾರಣ ದುಡ್ಡಿನ ಬರ ಒಂದೇ ಅಲ್ಲ. ಇದೇ ಕ್ರೈಸ್ಲರ್ 1987ರಲ್ಲಿ ಇಟಲಿಯ ಲ್ಯಾಂಬೊರ್ಗಿನಿಯನ್ನು ಕೊಂಡು 1994ರಲ್ಲಿ ಇಂಡೋನೇಷ್ಯಾದವರಿಗೆ ಮಾರಿತ್ತು. 1998ರಲ್ಲಿ ಅದು ಆಡಿ ಕೈಗೆ ಹೋಗಿ ಚಿಗುರಿಕೊಂಡಿತು. ಲ್ಯಾಂಬೊರ್ಗಿನಿಗೆ ಸ್ವಂತ ಊರಿತ್ತು, ಸ್ವಂತ ಸೂರಿತ್ತು. ಹೊಲದ ಪಹಣಿ ಬದಲಾಯಿಸಿದ ಹಾಗೆ ಯಜಮಾನನ ಹೆಸರು ಬದಲಾಯಿಸಿದರೆ ಮುಗಿಯಿತು. ವೈಪರ್ ಹಾಗಲ್ಲ. ಡೆಟ್ರಾಯಿಟ್‌ನ ಕಾನರ್ ಅವೆನ್ಯೂದಲ್ಲಿ ಒಂದು ಸಣ್ಣ ಕಾರ್ಖಾನೆ, ಕೈಯಲ್ಲೇ ಜೋಡಿಸುವ ಒಂದಿಷ್ಟು ಕೆಲಸಗಾರರು, ಅಷ್ಟು ಮಾತ್ರ ಅದರದ್ದು. ಎಂಜಿನಿಯರುಗಳು, ಪರೀಕ್ಷೆಯ ಟ್ರ್ಯಾಕು, ಡೀಲರು, ವಾರಂಟಿ, ಎಲ್ಲವೂ ದೊಡ್ಡ ಮನೆಯದ್ದು. ತೊಟ್ಟಿಮನೆಯಲ್ಲಿ ದೇವರ ಕೋಣೆಯನ್ನು ಮಾತ್ರ ಬೇರೆಯವರಿಗೆ ಕ್ರಯಕ್ಕೆ ಬರೆದುಕೊಟ್ಟರೆ, ಕೊಂಡವನು ಯಾವ ಬಾಗಿಲಿಂದ ಒಳಗೆ ಬರಬೇಕು?

ಕ್ರೈಸ್ಲರ್ 2009ರ ಏಪ್ರಿಲ್ 30ರಂದು ದಿವಾಳಿ ಅರ್ಜಿ ಹಾಕಿತು. ನಾನಿದ್ದ ಕಂಪನಿಯಲ್ಲೂ ಆ ವಸಂತದಲ್ಲಿ ಮೂವರಲ್ಲಿ ಒಬ್ಬರನ್ನು ಮನೆಗೆ ಕಳಿಸಿದರು, ನಾನು ಆ ಒಬ್ಬ. ಜೂನ್‌ನಲ್ಲಿ ಫಿಯೆಟ್ ಬಂತು, ಜುಲೈನಲ್ಲಿ ವೈಪರ್ ವ್ಯವಹಾರವನ್ನು ಮಾರುವುದಿಲ್ಲ ಅಂತ ಹೇಳಿದರು. 2010ರಲ್ಲಿ ನಿಲ್ಲಿಸಿದರು, ಮತ್ತೆ 2013ರ ಮಾದರಿಯಾಗಿ ತಂದರು, ಹೋಗದಾಗ 2014ರಲ್ಲಿ ಬೆಲೆಯನ್ನು 15 ಸಾವಿರ ಡಾಲರ್ ಇಳಿಸಿದರು. 2017ರ ಆಗಸ್ಟ್‌ನಲ್ಲಿ ಕಾನರ್ ಅವೆನ್ಯೂ ಬಾಗಿಲು ಹಾಕಿತು.

ಈ ಒಂಬತ್ತು ವರ್ಷ ನನ್ನ ತಲೆಯಲ್ಲಿ ಪದೇ ಪದೇ ಬರುತ್ತಿದ್ದದ್ದು ಯಾದವಗಿರಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಇದ್ದದ್ದು ಅಲ್ಲೇ. 1961ರಿಂದ ಚೆಕ್ ದೇಶದ ಜಾವಾ, 1973ರಿಂದ ಅದೇ ಬೈಕು ಯೆಜ್ಡಿ ಅನ್ನುವ ಹೆಸರಲ್ಲಿ. ಕಿಕ್ ಹೊಡೆದ ಲಿವರನ್ನೇ ಮುಂದಕ್ಕೆ ಮಡಚಿದರೆ ಅದೇ ಗೇರು. ಗೊತ್ತಿಲ್ಲದವನು ಆ ಗಾಡಿ ಕದಿಯಲೂ ಆಗದು ಅಂತ ನಾವು ಹುಡುಗರು ಬೀಗುತ್ತಿದ್ದೆವು. ಆಮೇಲೆ ಕಡಿಮೆ ಪೆಟ್ರೋಲ್ ಕುಡಿಯುವ ಜಪಾನಿ ತಳಿಯ 100 ಸಿಸಿ ಬೈಕುಗಳು ಬಂದವು. ಟೂ ಸ್ಟ್ರೋಕ್ ಹೊಗೆಯ ಮೇಲೆ ಕಾನೂನು ಬಿಗಿಯಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು.

ಗಾಡಿ ಓಡುತ್ತಿರುವಾಗಲೇ ಯಾರಿಗಾದರೂ ಕೊಡೋಣ, ಹೆಸರಾದರೂ ಬದುಕಲಿ ಅನ್ನುವ ಮಾತು ನಮ್ಮ ಬೀದಿಯಲ್ಲಿ ಯಾರ ಬಾಯಲ್ಲೂ ಬಂದದ್ದು ನನಗೆ ನೆನಪಿಲ್ಲ. 'ಪಾಪ, ಕಷ್ಟದಲ್ಲಿದೆಯಂತೆ' ಅಂತ ಪಿಸುಮಾತು ಇತ್ತು. ಖಾಯಿಲೆಯವರ ಮನೆಯಲ್ಲಿ ಮಾತಾಡುವ ಹಾಗೆ. ಮುಚ್ಚಿದ ಮೇಲೆ ಎಲ್ಲ ಮುಚ್ಚಿದ ಕಂಪನಿಗಳ ಆಸ್ತಿ ವಿಲೇವಾರಿ ಮಾಡುವ ಹೈಕೋರ್ಟಿನ ಅಧಿಕೃತ ಲಿಕ್ವಿಡೇಟರ್ ಪಾಲಾಯಿತು. ಯೆಜ್ಡಿ ಅನ್ನುವ ಹೆಸರು ಯಾರದ್ದು ಅಂತ ವರ್ಷಗಟ್ಟಲೆ ವ್ಯಾಜ್ಯ ನಡೆಯಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ವಾಪಸ್ ಬಂದವು ನಿಜ. ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ.

ಡೆಟ್ರಾಯಿಟ್‌ನವರ ರೀತಿ ನನಗೆ ಮೊದಲು ನಾಚಿಕೆಗೇಡು ಅನ್ನಿಸಿತ್ತು, ಈಗ ಹಾಗನ್ನಿಸುವುದಿಲ್ಲ. ಮಾರಾಟಕ್ಕಿದೆ ಅಂತ ಬಾಗಿಲಲ್ಲಿ ಬೋರ್ಡು ಹಾಕಿದ್ದರಿಂದ ಒಳಗಿನ ಕೆಲಸಗಾರನಿಗೆ ಮುಂದೇನು ಅಂತ ಯೋಚಿಸಲು ಎರಡು ವರ್ಷ ಸಿಕ್ಕಿತು. ಪಿಸುಮಾತಿನಿಂದ ಯಾರಿಗೂ ಏನೂ ಸಿಗುವುದಿಲ್ಲ. ಆದರೆ ಒಂದು ವಿಷಯದಲ್ಲಿ ನಾನಿನ್ನೂ ಮೈಸೂರಿನವನೇ.

ನಮ್ಮ ಬೀದಿಯ ಕೊನೆ ಮನೆಯವನ ಹತ್ತಿರ ಕೆಂಪು ವೈಪರ್ ಇದೆ, 1990ರ ದಶಕದ್ದು. ವರ್ಷದಲ್ಲಿ ಹತ್ತು ದಿನ ಹೊರಗೆ ತೆಗೆಯುತ್ತಾನೆ, ಪ್ರಾಣ ಅದರ ಮೇಲೆ. ಸುಮ್ನೆ ಮಾತಿಗೆ 'ಕೊಡ್ತೀಯಾ' ಅಂದೆ. ಒರೆಸುವ ಬಟ್ಟೆ ಕೆಳಗಿಡದೆ ಒಂದು ಬೆಲೆ ಹೇಳಿದ. ನೂರರ ಲೆಕ್ಕದವರೆಗೆ ಸರಿಯಾಗಿ.

ಹೋದ ಸಲ ಊರಿಗೆ ಹೋದಾಗ ಒಂಟಿಕೊಪ್ಪಲಿನಲ್ಲಿ ಒಬ್ಬರು ಹಳೇ ಯೆಜ್ಡಿ ಒರೆಸುತ್ತಿದ್ದರು. ಅವರನ್ನೂ ಅದೇ ಕೇಳಿದೆ. ತಲೆ ಎತ್ತಿ ನೋಡಿದರು. 'ಎಲ್ಲಿಂದ ಬಂದಿರೋದು ನೀವು?' ಅಂದರು. ಅಮೆರಿಕ ಅಂದೆ. 'ಹೂಂ' ಅಂದು ಮತ್ತೆ ಒರೆಸಲು ಶುರು ಮಾಡಿದರು. ನಾನು ಹೊರಡುವವರೆಗೂ ಇನ್ನೊಂದು ಮಾತಾಡಲಿಲ್ಲ.